ಒಳಗಿನ ಚಿಲಕ

ಗಡಾರಿ ತಲೆಯ ಮೇಲೆ ಹೊತ್ತ ಇಟ್ಟಿಗೆಯಿಂದ ಇಲ್ಲಿಯವರೆಗೆ ಕಡಿಮೆಯೆಂದರೂ ಇನ್ನೂರು ಕಕ್ಕಸು ಎದ್ದಿವೆ. ಒಂದರಲ್ಲೂ ಅವಳು ಕೂತಿಲ್ಲ.

ಕಟ್ಟುವಾಗ ಅದಕ್ಕೆ ಬಾಗಿಲಿರುವುದಿಲ್ಲ. ಬಾಗಿಲು ಬರುವ ಹೊತ್ತಿಗೆ ಅವಳ ಕೆಲಸ ಮುಗಿದಿರುತ್ತದೆ. ನೆಲಕ್ಕೆ ಬಿಳಿ ಟೈಲ್ಸ್ ಬಿದ್ದ ಮರುಗಳಿಗೆಯೇ ಮನೆಯೊಡತಿ ಬಂದು, "ಇನ್ನು ಯಾರೂ ಒಳಗೆ ಹೋಗಬೇಡಿ, ಗಲೀಜಾಗುತ್ತೆ" ಎನ್ನುತ್ತಾಳೆ. ಗಲೀಜು ಮಾಡಲಿಕ್ಕೆಂದೇ ಕಟ್ಟಿದ ಕೋಣೆಯನ್ನು ಗಲೀಜಾಗದಂತೆ ಕಾಯುವುದು ಹೇಗೆಂದು ಗಡಾರಿಗೆ ಇವತ್ತಿಗೂ ತಿಳಿದಿಲ್ಲ.

ಕೆಲಸದ ಜಾಗದಲ್ಲಿ ಹೆಂಗಸರ ವ್ಯವಸ್ಥೆ ಬೇರೆ. ಖಾಲಿ ಸಿಮೆಂಟು ಚೀಲವನ್ನು ಬಿಚ್ಚಿ ಅಗಲ ಮಾಡಿ ಒಬ್ಬಳು ಹಿಡಿದು ನಿಲ್ಲುತ್ತಾಳೆ, ಇನ್ನೊಬ್ಬಳು ಅದರ ಹಿಂದೆ ಕೂರುತ್ತಾಳೆ. ಮೇಲಿನ ಮಹಡಿಯಿಂದ ಇಣುಕುವವನಿಗೆ ಚೀಲ ಅಡ್ಡವಾಗುವುದಿಲ್ಲ. ಅವನು ಕೆಮ್ಮುತ್ತಾನೆ, ಹಾಡುತ್ತಾನೆ. ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಬೆಳಿಗ್ಗೆ ಎದ್ದಾಗ ಒಂದು ಲೋಟ, ಸಂಜೆ ಮನೆ ಸೇರಿದ ಮೇಲೆ ಒಂದು ತಂಬಿಗೆ. ನಡುವಿನ ಹನ್ನೊಂದು ಗಂಟೆ ಬಿಸಿಲು, ಮರಳು, ಏಣಿ ಮತ್ತು ಒಣಗಿದ ನಾಲಿಗೆ.

ಗಡಾರಿ ಅನ್ನುವುದು ಒಬ್ಬ ಗಾರೆ ಮೇಸ್ತ್ರಿ ಇಟ್ಟ ಹೆಸರು. ಕಬ್ಬಿಣದ ಹಾರೆಯ ಹಾಗೆ ಅವಳು ತೆಳ್ಳಗೆ, ನೆಟ್ಟಗೆ ಇದ್ದಳು. ಯಾವ ಮಾತಿನ ಸಂದಿಗಾದರೂ ತೂರಿಸಿ ಮೀಟಿದರೆ ಎದುರಿನವನ ಬಂಡವಾಳವೆಲ್ಲ ಹೊರಗೆ ಬೀಳುತ್ತಿತ್ತು. ಗಂಡ ಇದ್ದಾಗ ಅವನೂ ಹಾಗೇ ಕರೆಯುತ್ತಿದ್ದ, ಸ್ವಲ್ಪ ದೂರ ನಿಂತು. ಈಗ ಮನೆಯಲ್ಲಿ ಮಗ, ಸೊಸೆ, ಅವಳು. ಮಗ ದೂರದ ರಸ್ತೆ ಕೆಲಸಕ್ಕೆ ಹೋದವನು ಮೂರು ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಅತ್ತೆ ಸೊಸೆ ಬೆಳಗಾಗುವ ಮುಂಚೆಯೇ ಜಗಳಾಡುತ್ತ ಎದ್ದು, ಜಗಳಾಡುತ್ತಲೇ ನಾಲ್ಕು ರಸ್ತೆ ಕೂಡುವ ಮೂಲೆಗೆ ಬಂದು ನಿಲ್ಲುತ್ತಾರೆ. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ. ಏಳು ಗಂಟೆಯಿಂದ ಗಾಡಿಗಳು ಬರುತ್ತವೆ. ಗುತ್ತಿಗೆದಾರ ಕಿಟಕಿ ಇಳಿಸಿ ಬೆರಳು ತೋರಿಸುತ್ತಾನೆ: ನೀನು, ನೀನು, ಆ ಹಿಂದಿನವಳು. ಬೆರಳಿಗೆ ಸಿಕ್ಕವರಿಗೆ ಆ ದಿನ ಕೆಲಸ.

ಆ ಮೂಲೆಯಲ್ಲೇ ಹೋದ ವರ್ಷ ದಿನಗೂಲಿಯವರಿಗಾಗಿ ಆಸರೆ ಕೇಂದ್ರ ಬಂತು. ಒಂದು ಉದ್ದನೆ ಹಜಾರ, ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಔಷಧಿ ಪೆಟ್ಟಿಗೆ, ಕೇಂದ್ರ ನೋಡಿಕೊಳ್ಳುವ ಮೇಡಂಗೆ ಫ್ಯಾನಿರುವ ಕೋಣೆ. ಹಿಂದುಗಡೆ ಹೆಂಗಸರಿಗೆ ಅಂತ ಒಂದು ಕಕ್ಕಸು. ಅದಕ್ಕೆ ಇಟ್ಟಿಗೆ ಹೊತ್ತವಳು ಗಡಾರಿ, ಮರಳು ಜರಡಿ ಹಿಡಿದವಳು ಸೊಸೆ. ಬಾಗಿಲು ಕೂರಿಸುವ ದಿನ, ಅದೇ ಮೂಲೆಯಲ್ಲಿ ಕೂಲಿಗೆ ನಿಲ್ಲುವ ಬಡಗಿಯಣ್ಣನಿಗೆ ಜೊತೆಯಾಗಿ ಬಾಗಿಲನ್ನು ಎತ್ತಿ ಹಿಡಿದವಳೂ ಗಡಾರಿಯೇ. ಒಳಗೆ ಜಾಗ ಕಡಿಮೆ ಅಂತ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದರು. ಚಿಲಕವನ್ನೂ ಹೊರಗಡೆಯೇ ಹಾಕಿದರು.

"ಒಳಗೆ ಬೇಡ್ವಾ?" ಎಂದು ಗಡಾರಿ ಅವತ್ತೇ ಕೇಳಿದ್ದಳು.

"ಗುತ್ತಿಗೆದಾರರು ಒಂದೇ ಚಿಲಕ ಕೊಟ್ಟಿರೋದು, ಬೀಗ ಹಾಕೋಕೆ ಆಗೋ ಹಾಗೆ ಹೊರಗೆ ಹಾಕು ಅಂದಿದ್ದಾರೆ" ಎಂದಿದ್ದ ಬಡಗಿಯಣ್ಣ, ಬಾಯಿತುಂಬ ಸ್ಕ್ರೂ ಕಚ್ಚಿಕೊಂಡು.

"ಒಳಗೆ ಕೂತವಳು ಏನು ಮಾಡ್ಬೇಕು? ಒಂದು ಕೈಲಿ ಬಾಗಿಲು ಹಿಡ್ಕೋಬೇಕಾ?"

ಬಡಗಿಯಣ್ಣ ಸ್ಕ್ರೂ ಉಗಿದು ನಕ್ಕಿದ್ದ. ಆದರೆ ಆ ಪ್ರಶ್ನೆ ಎಂಟು ತಿಂಗಳಾದರೂ ಏಳಲೇ ಇಲ್ಲ. ಒಳಗೆ ಕೂರುವ ಭಾಗ್ಯ ಯಾರಿಗೂ ಬರಲಿಲ್ಲ. ಹೊರಗಿನ ಚಿಲಕಕ್ಕೆ ಬಿದ್ದ ಹಿತ್ತಾಳೆ ಬೀಗ ಬಿದ್ದೇ ಇತ್ತು.

ಬದಲಿಗೆ ಪಾಠ ಶುರುವಾಯಿತು. ಬೆಳಿಗ್ಗೆ ಆರರಿಂದ ಏಳು, ಗಾಡಿಗಳು ಬರುವ ಮುಂಚೆ. ಹನ್ನೆರಡು ಪಾಠಕ್ಕೆ ಹಾಜರಾದವರಿಗೆ ಕಾರ್ಡು. ಕಾರ್ಡಿದ್ದವರಿಗೆ ಕೇಂದ್ರದ ಎಲ್ಲ ಸೌಲಭ್ಯ. ಗಡಾರಿ ಹನ್ನೆರಡಕ್ಕೂ ಹೋದಳು. ಕೈ ತೊಳೆಯುವುದು ಹೇಗೆ ಅಂತ ಒಂದು ಪಾಠ. ಭಾರ ಎತ್ತುವುದು ಹೇಗೆ ಅಂತ ಇನ್ನೊಂದು. ಅವತ್ತು ಮೇಡಂ ಖಾಲಿ ರಟ್ಟಿನ ಡಬ್ಬವನ್ನು ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಉಸಿರು ಬಿಗಿಹಿಡಿದು ಎತ್ತಿ ತೋರಿಸಿದರು. ಇಪ್ಪತ್ತಾರು ವರ್ಷ ಭಾರ ಎತ್ತಿದವಳು ಕೈ ಕಟ್ಟಿಕೊಂಡು ನೋಡಿದಳು. ಡಬ್ಬ ಕೆಳಗಿಟ್ಟ ಮೇಲೆ ಮೇಡಂ ಸೊಂಟ ಹಿಡಿದುಕೊಂಡರು. "ಪಾಪ, ಕೂತ್ಕೊಳ್ಳಿ ಮೇಡಂ" ಎಂದು ಸೊಸೆ ಕುರ್ಚಿ ಎಳೆದುಕೊಟ್ಟಳು.

ಮೇಡಂ ಕೆಟ್ಟವರೇನಲ್ಲ. ಮೆತ್ತಗೆ ಮಾತಾಡುತ್ತಿದ್ದರು. ಎಲ್ಲರನ್ನೂ "ನೀವು" ಅನ್ನುತ್ತಿದ್ದರು. ಮೂಲೆಯಲ್ಲಿ ಬೆರಳು ತೋರಿಸಿ ಕರೆಸಿಕೊಳ್ಳುವವರಿಗೆ ಅದು ಮೊದಮೊದಲು ಕಚಗುಳಿ ಇಟ್ಟಂತಾಗುತ್ತಿತ್ತು. ನೀರಿನ ಪಾಠದ ದಿನ ಅವರು ಗಡಾರಿಯ ಕೈಗೆ ಒಂದು ಲೋಟ ಕೊಟ್ಟು ಫೋಟೋ ತೆಗೆಸಿದರು. "ಕುಡೀತಾ ನಗಿ" ಎಂದರು. ಲೋಟದಲ್ಲಿ ನೀರಿರಲಿಲ್ಲ. ಗಡಾರಿ ಖಾಲಿ ಲೋಟ ನೋಡಿಯೇ ನಕ್ಕಳು. ಫೋಟೋ ಚೆನ್ನಾಗಿ ಬಂತು.

ಆಮೇಲೆ ಮೇಡಂ ಗೋಡೆಗೆ ಮನುಷ್ಯನ ಹೊಟ್ಟೆಯೊಳಗಿನ ಚಿತ್ರ ನೇತುಹಾಕಿದರು. ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು ಎಂದು ಕೋಲಿನಿಂದ ತೋರಿಸಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕುಡಿದಿದ್ದು ಎಲ್ಲಿಗೆ ಹೋಗುತ್ತೆ ಮೇಡಂ?" ಎಂದು ಗಡಾರಿ ಕೇಳಿದಳು.

"ಒಳ್ಳೆ ಪ್ರಶ್ನೆ. ನೋಡಿ, ಇಲ್ಲಿಗೆ. ಇದು ಮೂತ್ರಪಿಂಡ."

"ಅಲ್ಲಿಂದ?"

ಕೋಲು ಕೆಳಗೆ ಜಾರಿತು. "ಇಲ್ಲಿ ಮೂತ್ರಕೋಶ. ಇಲ್ಲಿ ತುಂಬಿಕೊಳ್ಳುತ್ತೆ."

"ಅಲ್ಲಿಂದ?"

ಚಿತ್ರ ಅಲ್ಲಿಗೆ ಮುಗಿದಿತ್ತು. ಮೇಡಂ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಗಡಿಯಾರ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಗುವ ವಿಷಯ ಅದಾಗಿರಲಿಲ್ಲ. ಮುಂದಿನ ವಾರವೇ ಸೊಸೆ ಮೂರನೇ ಮಹಡಿಯ ಅಟ್ಟಣಿಗೆಯ ಮೇಲೆ ಮರಳು ಬಾಣಲೆ ಹೊತ್ತವಳು ತೂರಾಡಿದಳು. ಹಿಂದೆಯೇ ಬರುತ್ತಿದ್ದ ಗಡಾರಿ ತನ್ನ ಬಾಣಲೆ ಬಿಸಾಕಿ ಅವಳ ಸೊಂಟ ತಬ್ಬಿ ಹಲಗೆಯ ಮೇಲೆ ಕೂತುಬಿಟ್ಟಳು. ಮೈ ಕೆಂಡದಂತೆ ಸುಡುತ್ತಿತ್ತು. ಕೆಳಗೆ ನಿಂತ ಗುತ್ತಿಗೆದಾರ ಮರಳು ಚೆಲ್ಲಿದ್ದಕ್ಕೆ ಬೈದ. ಸೊಸೆ ಅತ್ತೆಯ ಕಿವಿಯಲ್ಲಿ, "ನಾಲ್ಕು ದಿನದಿಂದ ಉರಿ ಅತ್ತೆ. ಹೇಳೋಕೆ ನಾಚಿಕೆ ಆಯ್ತು" ಎಂದಳು.

"ನನ್ನ ಜೊತೆ ದಿನಾ ಜಗಳ ಆಡೋಕೆ ನಾಚಿಕೆ ಇಲ್ಲ, ಇದಕ್ಕೆ ನಾಚಿಕೆ" ಎಂದು ಗಡಾರಿ ಬೈದಳು. ಬೈಯುತ್ತಲೇ ಅವಳನ್ನು ತೋಳಿಗೆ ಆನಿಸಿಕೊಂಡು ಏಣಿ ಇಳಿಸಿದಳು.

ಆಸ್ಪತ್ರೆಯ ಡಾಕ್ಟರು ಚೀಟಿಯಿಂದ ತಲೆ ಎತ್ತದೆ ಹೇಳಿದರು: "ನೀರು ಚೆನ್ನಾಗಿ ಕುಡೀಬೇಕು. ಮೂತ್ರ ತಡ್ಕೊಳ್ಳಬಾರದು. ಈ ವರ್ಷ ಇದು ಮೂರನೇ ಸಲ. ಹೀಗೇ ಬಿಟ್ರೆ ಕಿಡ್ನಿ ಕೈ ಕೊಡುತ್ತೆ. ಅಥವಾ ಈ ಕೆಲಸ ಬಿಡಿಸಿ."

ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಬಿಡದಿದ್ದರೆ ಹುಡುಗಿಯ ಹೊಟ್ಟೆಯ ಉರಿ ಆರುವುದಿಲ್ಲ. ಮೂಲೆಯಲ್ಲಿ ಕಾಯುವ ಹೊತ್ತಿನಲ್ಲಾದರೂ ಒಂದು ಬಾಗಿಲು ತೆರೆದಿದ್ದರೆ, ಕೆಲಸಕ್ಕೆ ಹೋಗುವಾಗ ಒಮ್ಮೆ, ವಾಪಸು ಗಾಡಿ ಇಳಿದಾಗ ಒಮ್ಮೆ ಹೋಗಿ ಬರಬಹುದಿತ್ತು. ಆ ಬಾಗಿಲು ಇತ್ತು. ಅವರೇ ಕಟ್ಟಿದ್ದರು. ಗಡಾರಿ ಮರುದಿನವೇ ಕಾರ್ಡು ಹಿಡಿದುಕೊಂಡು ಮೇಡಂ ಕೋಣೆಗೆ ಹೋದಳು.

"ಹಿಂದಿನ ಕಕ್ಕಸಿನ ಬೀಗದ ಕೈ ಕೊಡಿ ಮೇಡಂ."

"ಶೌಚಾಲಯ ಅನ್ನಿ" ಎಂದರು ಮೇಡಂ. "ಇನ್ನೂ ಉದ್ಘಾಟನೆ ಆಗಿಲ್ಲವಲ್ಲ. ಹಣ ಕೊಟ್ಟ ಸಂಸ್ಥೆಯ ದೊಡ್ಡವರು ಬರಬೇಕು. ಅವರ ತಾರೀಕು ಸಿಗ್ತಾ ಇಲ್ಲ."

"ನನ್ನ ಸೊಸೆ ಮೂತ್ರಕ್ಕೆ ಉದ್ಘಾಟನೆ ಆಗಿ ಇಪ್ಪತ್ತಮೂರು ವರ್ಷ ಆಯ್ತು ಮೇಡಂ. ಅದು ಯಾರ ತಾರೀಕೂ ಕಾಯಲ್ಲ."

ಮೇಡಂ ಮುಖ ಕಿವುಚಿದರು. ಆಮೇಲೆ ಎಂದಿನಂತೆ ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು: "ಅದಲ್ಲದೆ, ಬೇಜಾರು ಮಾಡ್ಕೋಬೇಡಿ, ನಿಮಗೆ ಇದೆಲ್ಲ ಅಭ್ಯಾಸ ಇಲ್ಲ. ಹಾಗೇ ಬಿಟ್ಟುಕೊಟ್ರೆ ಎರಡು ದಿನದಲ್ಲಿ ನೋಡೋಕಾಗಲ್ಲ. ಮೊದಲು ಬಳಕೆಯ ತರಬೇತಿ ಆಗ್ಬೇಕು. ನಾಲ್ಕು ಪಾಠ ಇದೆ."

"ಕೂರೋದಕ್ಕೆ ನಾಲ್ಕು ಪಾಠ?"

"ಹಾಗೆ ಅಲ್ಲ..."

ಗಡಾರಿ ಅಲ್ಲಿ ನಿಲ್ಲಲಿಲ್ಲ. ಇನ್ನೂರು ಕಕ್ಕಸು ಹೊತ್ತ ತಲೆ ಬಿಸಿಯಾಗಿತ್ತು. ಬೈಗುಳ ಬಾಯಿಗೆ ಬರಲಿಲ್ಲ. ಅದು ಅವಳ ಬಾಳಿನಲ್ಲಿ ಮೊದಲ ಸಲ. "ನೀವು" ಎಂದು ಕರೆಸಿಕೊಂಡು ಉಗಿಸಿಕೊಳ್ಳುವುದಕ್ಕಿಂತ "ಏಯ್" ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು. ಏಯ್ ಅಂದವನಿಗೆ ತಿರುಗಿ ಏನೋ ಅನ್ನಬಹುದು.

ಕೊನೆಗೂ ದೊಡ್ಡವರ ತಾರೀಕು ಸಿಕ್ಕಿತು. ಮೇಡಂ ಸಂಭ್ರಮದಿಂದ ಎಲ್ಲ ಹೆಂಗಸರನ್ನೂ ಕರೆದು ತಾಲೀಮು ಮಾಡಿಸಿದರು. ಒಗೆದ ಬಟ್ಟೆ ಹಾಕಿಕೊಂಡು ಆರಕ್ಕೆ ಬರಬೇಕು. ಅತಿಥಿಗಳು ಏಳಕ್ಕೆ ಬರುತ್ತಾರೆ. ಎಲ್ಲರ ಕೈಯಲ್ಲೂ ಲೋಟ ಇರುತ್ತದೆ. ಮೇಡಂ ಕೈ ಎತ್ತಿದಾಗ ಎಲ್ಲರೂ ಒಟ್ಟಿಗೆ ಒಂದು ಗುಟುಕು ಕುಡಿದು, ಕ್ಯಾಮೆರಾ ನೋಡಿ, "ನೀರು ಕುಡಿಯುತ್ತೇವೆ, ಆರೋಗ್ಯವಾಗಿರುತ್ತೇವೆ" ಅನ್ನಬೇಕು. ಬಾಗಿಲಿಗೆ ಟೇಪು ಕಟ್ಟಿರುತ್ತದೆ. ಅತಿಥಿಗಳು ಕತ್ತರಿಸುತ್ತಾರೆ. ಚಪ್ಪಾಳೆ.

"ಬಾಗಿಲು ತೆಗೀತೀರಾ?" ಎಂದು ಗಡಾರಿ ಕೇಳಿದಳು.

"ಟೇಪು ಕತ್ತರಿಸ್ತಾರೆ" ಎಂದರು ಮೇಡಂ.

ಆ ಸಂಜೆ ಗಾಡಿಯಿಂದ ಇಳಿದ ಮೇಲೆ ಗಡಾರಿ ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸರನ್ನು ಕೂರಿಸಿಕೊಂಡಳು. "ನಾಳೆ ಯಾರೂ ಒಂದು ಗುಟುಕು ಕುಡೀಬೇಡಿ. ಎಂಟು ಲೋಟ ಕುಡೀರಿ. ಪಾಠದಲ್ಲಿ ಹೇಳಿದ ಹಾಗೆ. ಮೇಡಂ ಕಲಿಸಿದ್ದನ್ನ ನಾವು ಕಲಿತಿಲ್ಲ ಅಂತ ಯಾರೂ ಅನ್ನಬಾರದು."

"ಎಂಟು ಲೋಟ ಕುಡಿದು ಎಲ್ಲಿ ಹೋಗೋದಕ್ಕ?" ಎಂದಳು ಒಬ್ಬಳು.

"ಅದನ್ನೇ ಕೇಳೋಣ. ಚಿತ್ರ ತೋರಿಸಿ ಕೇಳಿದ್ರೆ ಮೇಡಂಗೆ ಅರ್ಥ ಆಗ್ಲಿಲ್ಲ. ಹೊಟ್ಟೆ ತೋರಿಸಿ ಕೇಳೋಣ."

ನಗುತ್ತ ನಗುತ್ತ ಬಡಗಿಯಣ್ಣನಿಗೂ ಒಂದು ಮಾತು ಹೋಯಿತು. ಅವನು ಎದುರಿನ ಕಡೆಯಿಂದ ತನ್ನ ಚೀಲ ತಟ್ಟಿ ತೋರಿಸಿದ.

ಬೆಳಿಗ್ಗೆ ಆರಕ್ಕೆ ಇಪ್ಪತ್ತೆರಡು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಕುಡಿಯತೊಡಗಿದರು. ಕೇಂದ್ರದ ನೀರಿನ ಕ್ಯಾನುಗಳು ಒಂದೊಂದಾಗಿ ಖಾಲಿಯಾದವು. ಮೇಡಂಗೆ ಹಿಗ್ಗು. "ನೋಡಿ, ಬದಲಾವಣೆ ಅಂದ್ರೆ ಇದೇ" ಎಂದು ತಾವೂ ಉಮೇದಿನಿಂದ ಎರಡು ಲೋಟ ಕುಡಿದರು. ಏಳಾಯಿತು. ಗಾಡಿಗಳು ಬಂದವು, ಕಿಟಕಿ ಇಳಿಸಿದವು, ಗಂಡಸರಲ್ಲಿ ಅರ್ಧ ಜನರನ್ನು ತುಂಬಿಕೊಂಡು ಹೋದವು. ಎಂಟಾಯಿತು. ಅತಿಥಿಗಳ ಪತ್ತೆಯಿಲ್ಲ. ಹೆಂಗಸರು ಕಾಲ ಮೇಲೆ ಕಾಲು ಹಾಕಿ ಕೂತರು. ಎಂಟೂವರೆಗೆ ಕಾಲು ಬದಲಾಯಿಸಿದರು. ಯಾರೂ ಮಾತಾಡಲಿಲ್ಲ. ಮಾತಾಡಿದರೆ ನಗು ಬರುತ್ತದೆ, ನಕ್ಕರೆ ಕಷ್ಟ. ಸೊಸೆಯ ಹಣೆಯ ಮೇಲೆ ಬೆವರು ಮೂಡಿತ್ತು. ಗಡಾರಿ ಅವಳ ಕೈ ಹಿಡಿದುಕೊಂಡಳು. ಈ ಹುಡುಗಿಯನ್ನು ಹೀಗೆ ಕೂರಿಸಿದ್ದು ತಪ್ಪೋ ಏನೋ ಎಂದು ಅವಳಿಗೆ ಒಂದು ಗಳಿಗೆ ಭಯವಾಯಿತು. ಆದರೆ ದಿನವೂ ಅವಳು ಹೀಗೇ ಕೂರುತ್ತಿದ್ದಳಲ್ಲ, ಯಾರಿಗೂ ಕಾಣದಂತೆ.

ಒಂಬತ್ತಕ್ಕೆ ಕಾರು ಬಂತು. ದೊಡ್ಡವರು ಅಂದರೆ ಒಬ್ಬ ಹಿರಿಯ ಹೆಂಗಸು. ನರೆತ ಕೂದಲು, ದಣಿದ ಮುಖ. ಜೊತೆಗೆ ಕ್ಯಾಮೆರಾದವನು. ಮೇಡಂ ಕೈ ಎತ್ತಿದರು. ಲೋಟಗಳು ಎದ್ದವು. ಎಲ್ಲರೂ ಒಟ್ಟಿಗೆ, "ನೀರು ಕುಡಿಯುತ್ತೇವೆ" ಎಂದರು. ಎರಡನೇ ಸಾಲು ಯಾರ ಬಾಯಿಂದಲೂ ಹೊರಡಲಿಲ್ಲ.

"ಆರೋಗ್ಯವಾಗಿ..." ಎಂದು ಮೇಡಂ ಪಿಸುಗುಟ್ಟಿದರು.

ಗಡಾರಿ ಎದ್ದು ನಿಂತಳು. "ಎಂಟು ಲೋಟ ಕುಡಿದಿದ್ದೀವಿ ಅಮ್ಮ. ಅರ್ಧ ಪಾಠ ಆಯ್ತು. ಉಳಿದರ್ಧ ಹಿಂದುಗಡೆ ಇದೆ, ಬನ್ನಿ."

ಅವಳು ನಡೆದಳು. ಇಪ್ಪತ್ತೊಂದು ಹೆಂಗಸರು ಎದ್ದು ಹಿಂದೆ ನಡೆದರು, ಅವಸರವಿದ್ದರೂ ಅವಸರ ಮಾಡಲಾಗದವರ ನಡಿಗೆಯಲ್ಲಿ. ಕಕ್ಕಸಿನ ಮುಂದೆ ಸಾಲು ನಿಂತರು. ಬಾಗಿಲಿಗೆ ಕೆಂಪು ಟೇಪು, ಟೇಪಿನ ಹಿಂದೆ ಹಿತ್ತಾಳೆ ಬೀಗ.

ಅತಿಥಿ ಬೀಗ ನೋಡಿದರು, ಮೇಡಂ ಕಡೆ ನೋಡಿದರು. ಮೇಡಂ ಪರ್ಸು ತಡಕಿದರು. ಕೀ ಆಫೀಸಿನಲ್ಲಿ ಉಳಿದಿದೆ ಎಂದರು. ಆಮೇಲೆ, ಕೆಲಸದವನ ಹತ್ತಿರ ಇರಬೇಕು ಎಂದರು. ಗಡಾರಿಯ ಹತ್ತಿರ ಬಂದು ಹಲ್ಲು ಕಚ್ಚಿ, "ಅತಿಥಿಗಳ ಮುಂದೆ ಮರ್ಯಾದೆ ತೆಗೀಬೇಡಿ. ಹೋಗಿ ಕೂತ್ಕೊಳ್ಳಿ" ಎಂದರು.

"ಕೂತ್ಕೊಳ್ಳೋಕೇ ಬಂದಿರೋದು ಮೇಡಂ" ಎಂದಳು ಗಡಾರಿ. "ಬಾಗಿಲು ತೆಗೆದ್ರೆ ಒಳಗೆ ಕೂತ್ಕೋತೀವಿ. ತೆಗೀದಿದ್ರೆ ಇಲ್ಲೇ, ಈ ಟೇಪಿನ ಮುಂದೆ ಕೂತ್ಕೋತೀವಿ. ಇಪ್ಪತ್ತೆರಡು ಜನ. ಕ್ಯಾಮೆರಾದವರು ಬೇಕಾದ್ರೆ ತೆಕ್ಕೊಳ್ಳಲಿ. ನಮಗೆ ಇಷ್ಟು ವರ್ಷ ಮರ್ಯಾದೆ ಹೋಗಿದ್ದು ಸಿಮೆಂಟು ಚೀಲದ ಹಿಂದೆ. ಇವತ್ತು ನಿಮ್ಮದೂ ಸ್ವಲ್ಪ ಹೋಗ್ಲಿ."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿ ಬೂಟು ನೋಡಿಕೊಂಡ. ಸೊಸೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

"ಬಡಗಿಯಣ್ಣ" ಎಂದು ಗಡಾರಿ ಕೂಗಿದಳು.

ಬಡಗಿಯಣ್ಣ ಅವತ್ತು ಗಾಡಿ ಹತ್ತಿರಲಿಲ್ಲ. ಹೊರಕ್ಕೆ ತೆರೆಯುವ ಬಾಗಿಲಿನ ಕೀಲು ಹೊರಗಡೆಯೇ ಇರುತ್ತದೆ. ಕೂರಿಸಿದವನಿಗೆ ಅದು ಗೊತ್ತು, ಎತ್ತಿ ಹಿಡಿದವಳಿಗೂ ಗೊತ್ತು. ಅವನು ಉಳಿ ಇಟ್ಟು ಕೆಳಗಿನಿಂದ ಮೇಲಕ್ಕೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ. ಕೀಲಿನ ಕಂಬಿ ಎದ್ದು ಬಂತು. ಹೀಗೆ ಮೂರು ಕೀಲು. ಗಡಾರಿ ಬಾಗಿಲನ್ನು ಹಿಡಿದುಕೊಂಡಳು, ಎಂಟು ತಿಂಗಳ ಹಿಂದೆ ಹಿಡಿದ ಹಾಗೆಯೇ. ಬಾಗಿಲು ಕೀಲಿನ ಕಡೆಯಿಂದ ತೆರೆದುಕೊಂಡಿತು. ಟೇಪು ತನ್ನಷ್ಟಕ್ಕೆ ಕಿತ್ತು ಬಿತ್ತು. ಬೀಗ ಹಾಕಿದಂತೆಯೇ ಇತ್ತು. ಬಡಗಿಯಣ್ಣ, ಬಾಗಿಲು ಸರಿದ ಮೇಲೆ ಕೈಗೆ ಸಿಕ್ಕ ಚಿಲಕದ ಪಟ್ಟಿಯ ಸ್ಕ್ರೂ ಬಿಚ್ಚಿ, ಚಿಲಕ ಬೀಗ ಎರಡನ್ನೂ ಇಡಿಯಾಗಿ ತೆಗೆದು ಮೇಡಂ ಕೈಗೆ ಕೊಟ್ಟ. "ಬೀಗ ಮುರಿದಿಲ್ಲ ಮೇಡಂ. ನಿಮ್ಮದು ನಿಮಗೆ."

ಒಳಗೆ ಕಕ್ಕಸು ಕಾಣಲಿಲ್ಲ. ನೆಲದಿಂದ ಸೂರಿನವರೆಗೆ ಪುಸ್ತಕದ ಕಟ್ಟುಗಳು. ಪ್ರತಿ ಪುಸ್ತಕದ ರಕ್ಷಾಪುಟದ ಮೇಲೆ "ಶುಚಿತ್ವವೇ ನಮ್ಮ ಹಕ್ಕು" ಎಂದು ಹಸಿರು ಅಕ್ಷರ. ಅದರ ಕೆಳಗೆ ಖಾಲಿ ಲೋಟ ಹಿಡಿದು ನಗುತ್ತಿರುವ ಗಡಾರಿಯ ಮುಖ. ಮೇಲಿನ ಕಟ್ಟಿನಲ್ಲಿ ಗಡಾರಿ, ಕೆಳಗಿನ ಕಟ್ಟಿನಲ್ಲಿ ಗಡಾರಿ, ಟೈಲ್ಸ್ ಮುಚ್ಚಿದಂತೆ ಸಾವಿರಾರು ಗಡಾರಿಗಳು.

ಗಡಾರಿ ಒಂದು ಪುಸ್ತಕದ ಮೇಲಿನ ಧೂಳು ಒರೆಸಿದಳು.

"ನೋಡ್ದ್ಯಾ" ಎಂದಳು ಸೊಸೆಗೆ. "ನಮ್ಮನ್ನ ಒಳಗೆ ಬಿಡ್ಲಿಲ್ಲ ಅಂತ ಸುಮ್ನೆ ಮೇಡಂನ ಬೈದ್ವಿ. ಇಷ್ಟು ದಿನದಿಂದ ನಾನು ಇಲ್ಲೇ ಕೂತಿದ್ದೀನಿ."

ಸೊಸೆ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ನಗಿಸಬೇಡಿ ಅತ್ತೆ, ಕೈ ಮುಗೀತೀನಿ."

ಆಮೇಲೆ ನಡೆದದ್ದು ಅವರಿಗೆ ದಿನನಿತ್ಯದ ಕೆಲಸ. ಗಾಡಿಯಿಂದ ಇಟ್ಟಿಗೆ ಇಳಿಸುವಾಗ ನಿಲ್ಲುವಂತೆ ಒಂದೊಂದು ಮೊಳ ಬಿಟ್ಟು ಸಾಲು ನಿಂತರು. ಕೈಯಿಂದ ಕೈಗೆ ಕಟ್ಟುಗಳು ದಾಟಿದವು. ಮಂಡಿ ಬಗ್ಗಲಿಲ್ಲ, ಬೆನ್ನು ನೆಟ್ಟಗಿರಲಿಲ್ಲ, ಪಾಠದ ಒಂದು ನಿಯಮವನ್ನೂ ಯಾರೂ ಪಾಲಿಸಲಿಲ್ಲ. ಹತ್ತು ನಿಮಿಷದಲ್ಲಿ ಕಕ್ಕಸು ಖಾಲಿಯಾಯಿತು, ಮೇಡಂ ಕೋಣೆ ತುಂಬಿತು. ಕುರ್ಚಿಯ ಮೇಲೆ, ಮೇಜಿನ ಮೇಲೆ, ಫ್ಯಾನಿನ ಕೆಳಗೆ. ಸಾಲಿನ ಕೊನೆಯಲ್ಲಿ ನರೆತ ಕೂದಲಿನ ಅತಿಥಿ ನಿಂತಿದ್ದರು. ಯಾವಾಗ ಸೇರಿಕೊಂಡರೋ ಯಾರೂ ನೋಡಿರಲಿಲ್ಲ. ಅವರು ಕಟ್ಟು ಹಿಡಿದ ರೀತಿ ನೋಡಿ ಒಬ್ಬಳು, "ಎದೆಗೆ ಒತ್ಕೋಬೇಡಿ ಅಮ್ಮ, ಸೊಂಟಕ್ಕೆ ಆನಿಸ್ಕೊಳ್ಳಿ" ಎಂದು ಕಲಿಸಿದಳು.

ಬಡಗಿಯಣ್ಣ ಬಾಗಿಲನ್ನು ಮತ್ತೆ ಕೂರಿಸಿದ. ತನ್ನ ಚೀಲದಿಂದ ಒಂದು ಚಿಲಕ ತೆಗೆದು ಒಳಗಡೆ ಇಟ್ಟು ಸ್ಕ್ರೂ ತಿರುಗಿಸಿದ. ಆದರೆ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ಚಿಲಕ ಅದರ ತೂತಿಗೆ ಕೂರುತ್ತಿರಲಿಲ್ಲ.

"ಕೀಲಿನ ಸಂದಿಗೆ ಗಟ್ಟಿಯಾಗಿರೋದು ಏನಾದ್ರೂ ಕೊಡಿ, ಎತ್ತಿ ಕೂರಿಸ್ತೀನಿ" ಎಂದ.

ಅದೇ ಹೊತ್ತಿಗೆ ಮೇಡಂಗೆ ದನಿ ಬಂತು. ಕಣ್ಣಲ್ಲಿ ನೀರಿತ್ತು. "ಇಷ್ಟೆಲ್ಲ ಮಾಡಿದ್ದಕ್ಕೆ ನೀವು ಕೊಟ್ಟ ಬಹುಮಾನ ಇದು. ನಾಳೆಯಿಂದ ನಿಮ್ಮ ಕಾರ್ಡು ರದ್ದು. ನಿಮ್ಮದೂ, ನಿಮ್ಮ ಸೊಸೆದೂ."

ಕಾರ್ಡು ಅಂದರೆ ಔಷಧಿ ಪೆಟ್ಟಿಗೆ, ಮಳೆ ಬಂದರೆ ಹಜಾರದೊಳಗೆ ನಿಲ್ಲುವುದು, ಮಗುವಿದ್ದವರಿಗೆ ಹಾಲಿನ ಪುಡಿ. ಗಡಾರಿ ರವಿಕೆಯೊಳಗಿನಿಂದ ಕಾರ್ಡು ತೆಗೆದಳು. ದಪ್ಪ ಪ್ಲಾಸ್ಟಿಕ್ಕು. ಹನ್ನೆರಡು ಮುಂಜಾನೆ. ಅದನ್ನು ಒಮ್ಮೆ ಬಗ್ಗಿಸಿ ನೋಡಿ ಬಡಗಿಯಣ್ಣನಿಗೆ ಕೊಟ್ಟಳು.

"ಇದು ಸರಿಹೋಗುತ್ತಾ?"

"ಹೇಳಿ ಮಾಡಿಸಿದ ಹಾಗಿದೆ" ಎಂದ ಅವನು. ಉಳಿಯಿಂದ ಎರಡು ತುಂಡು ಮಾಡಿ ಕೀಲಿನ ಕೆಳಗೆ ತುರುಕಿದ. ಬಾಗಿಲು ಎದ್ದು ಸರಾಗವಾಗಿ ತಿರುಗಿತು.

ಮೊದಲು ಸೊಸೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಇಪ್ಪತ್ತೊಂದು ಹೆಂಗಸರೂ ಒಮ್ಮೆಗೇ ಬಾಗಿಲ ಕಡೆ ತಿರುಗಿದರು. ಕಕ್ಕಸಿನ ಒಳಗಿನಿಂದ ಬೀಳುವ ಆ ಸದ್ದು ಅವರ ಪೈಕಿ ಯಾರಿಗೂ ಪರಿಚಯವಿರಲಿಲ್ಲ. ಹೊರಗಿನಿಂದ ಹಾಕುವ ಚಿಲಕ ಎಲ್ಲರಿಗೂ ಗೊತ್ತಿತ್ತು. ಸೊಸೆ ಹೊರಗೆ ಬಂದಾಗ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಉರೀತು ಅತ್ತೆ. ಆದರೂ ಯಾರೂ ನೋಡ್ಲಿಲ್ಲ" ಎಂದಳು. ಗಡಾರಿ ಅವಳ ತಲೆ ಸವರಿ ಮುಖ ಆ ಕಡೆ ತಿರುಗಿಸಿಕೊಂಡಳು.

ಸಾಲು ಕರಗುತ್ತ ಬಂತು. ಗಡಾರಿ ಎಲ್ಲರನ್ನೂ ಮುಂದೆ ಬಿಟ್ಟಳು, ಅತಿಥಿಯನ್ನೂ, ಅವರ ಸರದಿ ಬಂದಾಗ. ಕೊನೆಗೆ ಅವಳು ಒಳಗೆ ಹೋದಳು. ಚಿಲಕ ಹಾಕಿದಳು. ಕೂತಳು. ಎದುರಿನ ಗೋಡೆಯ ಇಟ್ಟಿಗೆಗಳು ಗಾರೆಯೊಳಗೆ ಮುಚ್ಚಿಹೋಗಿದ್ದರೂ ಅವಳಿಗೆ ಒಂದೊಂದೂ ಗೊತ್ತಿತ್ತು. ಮೇಲೆ ಇಣುಕುವವರಿಲ್ಲ. ಯಾರೂ ಕೆಮ್ಮಲಿಲ್ಲ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಅವಸರದ ಸದ್ದು. ಬೆಳಿಗ್ಗೆ ಉಮೇದಿನಿಂದ ಕುಡಿದ ಎರಡು ಲೋಟ ನೀರು ಎಲ್ಲಿಗೆ ಬಂದು ತುಂಬಿಕೊಂಡಿದೆ ಎಂದು ಗಡಾರಿಗೆ ಚಿತ್ರದ ಸಮೇತ ಗೊತ್ತಾಯಿತು.

"ಯಾರು?" ಎಂದಳು ಒಳಗಿನಿಂದ.

"ನಾನು" ಎಂದಿತು ಮೇಡಂ ದನಿ, ಬಹಳ ಮೆತ್ತಗೆ. "ಸ್ವಲ್ಪ ಬೇಗ..."

"ನಮಗೆ ಅಭ್ಯಾಸ ಇಲ್ಲ ಮೇಡಂ" ಎಂದಳು ಗಡಾರಿ. "ಇದು ಮೊದಲನೇ ಪಾಠ. ನಾಲ್ಕಿದೆ ಅಂದಿದ್ರಲ್ಲ, ಕಾಯಿರಿ."

ಮತ್ತೆ ತಟ್ಟಿದ ಸದ್ದಾಯಿತು. ಗಡಾರಿ ಏಳಲಿಲ್ಲ.